ಯಾರ ಬೆನ್ನಿಗೆ ಎಷ್ಟು ಜನ

ರಾಮನಗರದ ಬಂಡೆಗಳ ನಡುವೆ ಗಬ್ಬರ್ ಸಿಂಗ್‌ಗೆ ಎರಡು ಸಲ ಶಿಕ್ಷೆಯಾಗಿದೆ. ರಾಮದೇವರ ಬೆಟ್ಟದ ಬುಡದಲ್ಲಿ ‘ಶೋಲೆ’ ಚಿತ್ರೀಕರಣ ಶುರುವಾದದ್ದು 1973ರ ಅಕ್ಟೋಬರ್‌ನಲ್ಲಿ. ನಿರ್ದೇಶಕ ರಮೇಶ್ ಸಿಪ್ಪಿ ಮೊದಲು ತೆಗೆದ ಕೊನೆಯ ದೃಶ್ಯದಲ್ಲಿ, ಎರಡೂ ಕೈ ಕಳೆದುಕೊಂಡ ಠಾಕೂರ್ ಮೊಳೆ ಹೊಡೆಸಿದ ಮೆಟ್ಟಿನಿಂದ ತುಳಿದು ಗಬ್ಬರ್‌ನನ್ನು ಕೊಲ್ಲುತ್ತಾನೆ. ಚಿತ್ರ ಸೆನ್ಸಾರ್‌ಗೆ ಹೋದಾಗ ತುರ್ತು ಪರಿಸ್ಥಿತಿ. ಠಾಕೂರ್ ಒಬ್ಬ ಮಾಜಿ ಪೊಲೀಸ್ ಅಧಿಕಾರಿ, ಅವನೇ ಕಾನೂನು ಕೈಗೆತ್ತಿಕೊಂಡರೆ ಹೇಗೆ ಎಂದು ಸೆನ್ಸಾರ್ ಮಂಡಳಿ ತಕರಾರು ತೆಗೆಯಿತು. ಕೊನೆಯನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಈ ಸಲ ಸರಿಯಾದ ಗಳಿಗೆಗೆ ಪೊಲೀಸರು ಬಂದು ಗಬ್ಬರ್‌ನನ್ನು ಹಿಡಿದುಕೊಂಡು ಹೋದರು. 1975ರ ಆಗಸ್ಟ್ 15ರಂದು ಜನ ನೋಡಿದ್ದು ಈ ಎರಡನೆಯ ಕೊನೆ. ಮೊದಲನೆಯದನ್ನು ದೊಡ್ಡ ಪರದೆಯ ಮೇಲೆ ಜಗತ್ತು ನೋಡಿದ್ದು ಐವತ್ತು ವರ್ಷಗಳ ನಂತರ, 2025ರ ಜೂನ್‌ನಲ್ಲಿ, ಇಟಲಿಯ ಬೊಲೊನ್ಯಾ ಚಿತ್ರೋತ್ಸವದಲ್ಲಿ.

ಇನ್ನೊಂದು ಸಂಗತಿಯೂ ಇದೆ. ಆ ಚಿತ್ರದಲ್ಲಿ ಜನ ಎಲ್ಲರಿಗಿಂತ ಹೆಚ್ಚು ಎದೆಗೆ ಹಚ್ಚಿಕೊಂಡದ್ದು ಕೊಲೆಗಡುಕನನ್ನೇ. ಗಬ್ಬರ್ ಪಾತ್ರ ಮಾಡಿದ ಅಮ್ಜದ್ ಖಾನ್ ಅವರ ಮಾತುಗಳು ಗ್ರಾಮಫೋನ್ ರೆಕಾರ್ಡ್ ಆಗಿ ಮಾರಾಟವಾದವು. ಊರೂರ ಜಾತ್ರೆಗಳಲ್ಲಿ ಮೊಳಗಿದವು. ಗಬ್ಬರ್ ಬಿಸ್ಕತ್ತಿನ ಜಾಹೀರಾತಿಗೂ ಬಂದ.

ತಪ್ಪು ಮಾಡಿದವನನ್ನು ಯಾರು ಶಿಕ್ಷಿಸಬೇಕು? ಮೆಚ್ಚಿಕೊಂಡವನು ತಪ್ಪು ಮಾಡಿದರೆ ಮೆಚ್ಚಿದವರು ಏನು ಮಾಡಬೇಕು? ಈ ಎರಡು ಪ್ರಶ್ನೆಗಳು ಈಚಿನ ವರ್ಷಗಳಲ್ಲಿ ‘ಬಾಯ್ಕಾಟ್’, ‘ಬ್ಯಾನ್’, ‘ಕ್ಯಾನ್ಸಲ್’ ಎಂಬ ಹೆಸರುಗಳಲ್ಲಿ ಫೋನಿನ ಪರದೆಯ ಮೇಲೆ ದಿನವೂ ಏಳುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಈ ಸೀಮೆ, ಅಂದರೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಜಿಲ್ಲೆ, ಇವುಗಳನ್ನು ತೀರಾ ಹತ್ತಿರದಿಂದ ಕಂಡಿದೆ. ಚಿತ್ರೀಕರಣಕ್ಕೆ ಬೆಂಗಳೂರಿನವರು ಮೊದಲು ಬರುವುದು ಇಲ್ಲಿಗೆ. ರಿಯಾಲಿಟಿ ಶೋಗಳ ಮನೆ ಕಟ್ಟಿದ್ದು ಇಲ್ಲಿ. ಸಿನಿಮಾದಿಂದ ರಾಜಕಾರಣಕ್ಕೆ, ಅಲ್ಲಿಂದ ಮತ್ತೆ ಸಿನಿಮಾಕ್ಕೆ ಓಡಾಡುವವರು ಮತ ಕೇಳುವುದೂ ಇಲ್ಲಿಯೇ. ಇಲ್ಲಿಂದಲೂ ಇಡೀ ಕನ್ನಡ ಚಿತ್ರರಂಗದಿಂದಲೂ ಹೆಕ್ಕಿದ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ನಮ್ಮಲ್ಲಿ ಬಹಿಷ್ಕಾರ ಬೀಳುವುದು ತಪ್ಪಿನ ತೂಕ ನೋಡಿ ಅಲ್ಲ, ತಪ್ಪು ಹೊತ್ತವರ ಬೆನ್ನಿಗೆ ಎಷ್ಟು ಜನ ಇದ್ದಾರೆ ಎಂಬುದನ್ನು ನೋಡಿ.

ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯವನ್ನೇ ತೆಗೆದುಕೊಳ್ಳಿ. ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಈ ಕೆರೆ ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟದ್ದು. 2016ರ ನವೆಂಬರ್ 7ರಂದು ಅಲ್ಲಿ ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್. ಹೆಲಿಕಾಪ್ಟರ್‌ನಿಂದ ಮೂವರು ನೀರಿಗೆ ಹಾರಬೇಕು. ನಾಯಕ ದುನಿಯಾ ವಿಜಯ್, ಖಳ ಪಾತ್ರಧಾರಿಗಳಾದ ಅನಿಲ್ ಮತ್ತು ಉದಯ್. ತನಗೆ ಈಜು ಅಷ್ಟಾಗಿ ಬರುವುದಿಲ್ಲ, ಎತ್ತರವೆಂದರೆ ಭಯ ಎಂದು ಹಾರುವುದಕ್ಕೆ ಮುಂಚೆ ಉದಯ್ ಟಿವಿ ಕ್ಯಾಮೆರಾ ಮುಂದೆಯೇ ಹೇಳಿಕೊಂಡಿದ್ದರು. ಅವರಿಬ್ಬರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಮೂವರೂ ಹಾರಿದರು. ದಡ ಸೇರಿದ್ದು ನಾಯಕ ಒಬ್ಬರೇ. ಉಳಿದಿಬ್ಬರು ಈಜಲು ಹೆಣಗಿ ಮುಳುಗಿದ್ದನ್ನು ಕ್ಯಾಮೆರಾಗಳು ಚಿತ್ರೀಕರಿಸಿದವು. ಆ ದೃಶ್ಯ ನಾಡಿನ ಮನೆಮನೆಯ ಟಿವಿಯಲ್ಲಿ ಮತ್ತೆ ಮತ್ತೆ ಓಡಿತು.

ನಿರ್ಮಾಪಕರು, ನಿರ್ದೇಶಕರು, ಸಾಹಸ ನಿರ್ದೇಶಕರ ಬಂಧನವಾಯಿತು. ಕೆಲ ದಿನ ‘ಇವರನ್ನು ಚಿತ್ರರಂಗದಿಂದ ಹೊರಗಿಡಿ’ ಎಂಬ ಕೂಗು ಜೋರಾಗಿತ್ತು. ಆಮೇಲೆ ಅದು ಇಳಿಯಿತು. 2017ರ ಮೇ ತಿಂಗಳಲ್ಲಿ ಚಿತ್ರ ತೆರೆಗೆ ಬಂತು. ವಿಜಯ್ ತಮ್ಮ ಗೆಳೆಯರಿಗಾಗಿ ಬಹಿರಂಗವಾಗಿ ಅತ್ತರು. ಆ ದುಃಖವನ್ನು ಅನುಮಾನಿಸುವ ಅಗತ್ಯವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಪೋಸ್ಟರ್‌ನಲ್ಲಿ ಹೆಸರು ಎಷ್ಟು ದೊಡ್ಡದಿದೆಯೋ ಜೀವಕ್ಕೆ ಅಷ್ಟು ಕಾವಲು ಎಂಬ ಕ್ರಮ ಸೆಟ್ಟಿನಲ್ಲಿ ಬೇರೂರಿದ್ದು ಹೇಗೆ? ಆ ಕ್ರಮವನ್ನು ಯಾರೂ ‘ಬಾಯ್ಕಾಟ್’ ಮಾಡಲಿಲ್ಲ. ಕೂಗಿಗೆ ಸಿಕ್ಕಿದ್ದು ಮೂರ್ನಾಲ್ಕು ಹೆಸರುಗಳು ಮಾತ್ರ. ಕೂಗು ಅಡಗಿದ ಮೇಲೆ ಸಾಹಸ ಕಲಾವಿದರ ಸುರಕ್ಷತೆಯ ಮಾತೂ ಅದರ ಜತೆಗೇ ಹಿಂದೆ ಸರಿಯಿತು.

ಇದಕ್ಕೂ ಐದು ವರ್ಷ ಹಿಂದಿನ ಪ್ರಸಂಗವೊಂದು ಇನ್ನೂ ನೇರವಾಗಿದೆ. 2011ರ ಸೆಪ್ಟೆಂಬರ್‌ನಲ್ಲಿ ಪತ್ನಿ ಕೊಟ್ಟ ಹಲ್ಲೆಯ ದೂರಿನ ಮೇಲೆ ನಟ ದರ್ಶನ್ ಬಂಧನವಾಯಿತು. ಪತ್ನಿ ಆಮೇಲೆ ಹೇಳಿಕೆ ಬದಲಿಸಿದರು, ಅದು ಬೇರೆ ಮಾತು. ಆಗ ಕನ್ನಡ ಚಲನಚಿತ್ರ ನಿರ್ಮಾಪಕರ ಸಂಘ ಸಭೆ ಸೇರಿತು. ಸೇರಿ, ಮೂರು ವರ್ಷ ನಿಷೇಧ ಹೇರಿದ್ದು ಬಂಧಿತನಾದ ನಟನ ಮೇಲಲ್ಲ, ನಟಿ ನಿಖಿತಾ ಮೇಲೆ! ಆ ದಾಂಪತ್ಯದ ಜಗಳಕ್ಕೆ ಆಕೆ ಕಾರಣ ಎಂಬುದು ಸಂಘದ ನಿಲುವು. ಆಕೆ ಅದನ್ನು ಅಲ್ಲಗಳೆದರು. ಆಕೆಯ ಮಾತನ್ನು ಕೂರಿಸಿ ಕೇಳಿದವರಿರಲಿಲ್ಲ, ಆಕೆಯ ಮೇಲೆ ಯಾವ ಪೊಲೀಸ್ ಮೊಕದ್ದಮೆಯೂ ಇರಲಿಲ್ಲ. ನಾಡಿನಾದ್ಯಂತ ಟೀಕೆ ಎದ್ದಿತು, ಚಿತ್ರರಂಗದೊಳಗಿನವರೂ ದನಿ ಎತ್ತಿದರು. ಕೆಲವೇ ದಿನಗಳಲ್ಲಿ ಸಂಘ ನಿಷೇಧ ಹಿಂತೆಗೆದುಕೊಂಡಿತು. ಅದೇ ತಿಂಗಳ 30ರಂದು, ನಾಯಕ ಜೈಲಿನಲ್ಲಿರುವಾಗಲೇ ‘ಸಾರಥಿ’ ಬಿಡುಗಡೆಯಾಗಿ ಭರ್ಜರಿಯಾಗಿ ಓಡಿತು. ಟಿಕೆಟ್ ಕೊಂಡವರಲ್ಲಿ ಹೆಂಗಸರೂ ಇದ್ದರು, ಹಳೇ ಮೈಸೂರಿನ ಊರುಗಳ ಸಾವಿರಾರು ಹುಡುಗರೂ ಇದ್ದರು. ಅವರೆಲ್ಲ ಹಲ್ಲೆಯನ್ನು ಒಪ್ಪಿದವರು ಎಂದು ಹೇಳಿದರೆ ಅನ್ಯಾಯವಾದೀತು. ಆದರೆ ಸಂಘದ ಆ ಸಭೆ ಮತ್ತು ಥಿಯೇಟರ್ ಮುಂದಿನ ಆ ಸಾಲು ಸೇರಿ ಚಿತ್ರರಂಗಕ್ಕೆ ಒಂದು ಪಾಠ ಕಲಿಸಿದವು. ಜನ ಬೆನ್ನಿಗಿರುವವನನ್ನು ಮುಟ್ಟಬೇಕಾಗಿಲ್ಲ, ಮುಟ್ಟಿದರೆ ಲುಕ್ಸಾನು.

2018ರ ಅಕ್ಟೋಬರ್‌ನಲ್ಲಿ ‘ಮೀ ಟೂ’ ಅಲೆ ಕನ್ನಡಕ್ಕೂ ಬಂತು. ನಟಿ ಶ್ರುತಿ ಹರಿಹರನ್ ಅವರು ನಟ ಅರ್ಜುನ್ ಸರ್ಜಾ ಅವರ ಮೇಲೆ ಆರೋಪ ಮಾಡಿದರು. ಸರ್ಜಾ ಅದನ್ನು ನಿರಾಕರಿಸಿ ಮಾನನಷ್ಟ ಮೊಕದ್ದಮೆ ಹೂಡಿದರು. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಹಿರಿಯ ನಟ ಅಂಬರೀಶ್ ಅವರ ಸಮ್ಮುಖದಲ್ಲಿ ನಡೆದ ಸಂಧಾನ ಮುರಿದುಬಿತ್ತು. ಪೊಲೀಸರು ಸಾಕ್ಷ್ಯ ಸಾಲದು ಎಂದು 2021ರಲ್ಲಿ ಬಿ ರಿಪೋರ್ಟ್ ಹಾಕಿದರು. ನಿಜ ಯಾವುದು ಎಂದು ಈ ಲೇಖನ ತೀರ್ಮಾನಿಸಲಾಗದು. ಆದರೆ ತನಿಖೆ ಇನ್ನೂ ನಡೆಯುತ್ತಿರುವಾಗಲೇ ಒಂದು ತೀರ್ಮಾನ ಆಗಿಹೋಗಿತ್ತು. ಆರೋಪದ ನಂತರ ತಮಗೆ ಅವಕಾಶಗಳು ಬರುವುದು ನಿಂತಿತು ಎಂದು ಶ್ರುತಿ ಅವರೇ ಹೇಳಿಕೊಂಡರು. ಇದಕ್ಕೆ ಯಾವ ಸಂಘದ ನಿರ್ಣಯವೂ ಬೇಕಾಗಲಿಲ್ಲ. ಕರೆ ಬರುವುದು ನಿಂತರೆ ಸಾಕು.

ಹೊರಜಗತ್ತಿನಲ್ಲಿ ಇದೇ ‘ಮೀ ಟೂ’ ಬೇರೆ ದಾರಿ ಹಿಡಿದ ಉದಾಹರಣೆಯೂ ಇದೆ. ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ವಿಷಯದಲ್ಲಿ 2017ರಲ್ಲಿ ಪತ್ರಿಕೆಗಳು ತಿಂಗಳುಗಟ್ಟಲೆ ದಾಖಲೆ ಕಲೆಹಾಕಿ ಬರೆದವು, ಆಮೇಲೆ ನ್ಯಾಯಾಲಯ ವಿಚಾರಿಸಿತು. ಅಲ್ಲಿ ಬಿದ್ದವನು ಬಲಾಢ್ಯ. ನಮ್ಮಲ್ಲಿ ಅಂಥ ನಿದರ್ಶನ ಹುಡುಕಿದರೆ ಸಿಗುವುದು ಕಷ್ಟ.

2024ರ ಜೂನ್ ತಿಂಗಳ ನಂತರ ಈ ಮಾತುಗಳಿಗೆಲ್ಲ ಬೇರೆಯೇ ಭಾರ ಬಂದಿದೆ. ಚಿತ್ರದುರ್ಗದ ರೇಣುಕಾಸ್ವಾಮಿ ಅವರ ಶವ ಜೂನ್ 9ರಂದು ಬೆಂಗಳೂರಿನ ಸುಮನಹಳ್ಳಿಯ ಮೋರಿಯಲ್ಲಿ ಸಿಕ್ಕಿತು. 11ರಂದು ದರ್ಶನ್ ಅವರನ್ನು ಮೈಸೂರಿನಲ್ಲಿ ಬಂಧಿಸಿದರು. ದರ್ಶನ್ ಅವರ ಆಪ್ತೆ ಪವಿತ್ರಾ ಗೌಡ ಅವರಿಗೆ ಅಶ್ಲೀಲ ಸಂದೇಶ ಕಳಿಸಿದ್ದಕ್ಕೆ ಅಪಹರಿಸಿ, ಪಟ್ಟಣಗೆರೆಯ ಶೆಡ್ಡಿನಲ್ಲಿ ಹಿಂಸಿಸಿ ಕೊಂದರು ಎಂಬುದು ಪೊಲೀಸರ ಆರೋಪ. ಆರೋಪ ಸಾಬೀತಾಗಬೇಕಿರುವುದು ನ್ಯಾಯಾಲಯದಲ್ಲಿ, ಅದರ ಫಲಿತಾಂಶವನ್ನು ಇಲ್ಲಿ ಊಹಿಸುವುದು ಬೇಡ. ಅಭಿಮಾನಿಗಳ ಲೋಕದಲ್ಲಿ ನಡೆದದ್ದನ್ನು ಮಾತ್ರ ನೋಡಬಹುದು. ಪರಪ್ಪನ ಅಗ್ರಹಾರದಲ್ಲಿ ಕೊಟ್ಟ ಕೈದಿ ಸಂಖ್ಯೆ 6106 ಆಟೊಗಳ ಹಿಂದೆ, ಬೈಕ್‌ಗಳ ಮೇಲೆ ಸ್ಟಿಕ್ಕರ್ ಆಯಿತು. ಹಾಲುಗಲ್ಲದ ಕೂಸೊಂದಕ್ಕೆ ಅದೇ ಸಂಖ್ಯೆಯ ಕೈದಿ ಬಟ್ಟೆ ತೊಡಿಸಿ ತೆಗೆದ ಫೋಟೊ ಊರೆಲ್ಲ ಓಡಾಡಿತು. ಜೈಲಿನಲ್ಲಿ ಸಿಗರೇಟು, ಕಾಫಿ ಮಗ್ ಹಿಡಿದು ಕುಳಿತ ಚಿತ್ರ ಹೊರಬಿದ್ದ ಮೇಲೆ ನಟನನ್ನು ಬಳ್ಳಾರಿಗೆ ಸಾಗಿಸಿದರು. ಅಲ್ಲಿಯೂ ಜೈಲಿನ ಮುಂದೆ ಜನ ನಿಂತರು. 2024ರ ಡಿಸೆಂಬರ್ 13ರಂದು ಹೈಕೋರ್ಟ್ ಜಾಮೀನು ಕೊಟ್ಟಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹೆಸರು ಎಷ್ಟೇ ದೊಡ್ಡದಾಗಿರಲಿ, ಕಾನೂನಿನ ಮೇಲೆ ಯಾರೂ ಇಲ್ಲ ಎಂಬುದು ಆ ತೀರ್ಪಿನ ಸಾರ.

ಈ ನಡುವೆ ನಟಿ ರಮ್ಯಾ ಮಾಡಿದ್ದಿಷ್ಟೆ: 2025ರ ಜುಲೈನಲ್ಲಿ, ರೇಣುಕಾಸ್ವಾಮಿ ಕುಟುಂಬಕ್ಕೆ ಸುಪ್ರೀಂ ಕೋರ್ಟಿನಿಂದ ನ್ಯಾಯ ಸಿಗುವ ಭರವಸೆ ಇದೆ ಎಂಬ ಅರ್ಥದ ನಾಲ್ಕು ಮಾತು ಬರೆದರು. ಮಂಡ್ಯದ ಮಾಜಿ ಸಂಸದೆ, ಒಂದು ಕಾಲದ ನಂಬರ್ ಒನ್ ನಾಯಕಿ. ಅತ್ಯಾಚಾರದ ಬೆದರಿಕೆ, ಕೊಲೆ ಬೆದರಿಕೆ, ಬಾಯಲ್ಲಿ ಹೇಳಲಾಗದ ಬೈಗುಳ ಸಾಲುಗಟ್ಟಿ ಬಂದವು. ಅವರು 43 ಖಾತೆಗಳನ್ನು ಪಟ್ಟಿ ಮಾಡಿ ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು. ಬಂಧನಗಳೂ ಆದವು. ಅಶ್ಲೀಲ ಸಂದೇಶ ಕಳಿಸಿದ್ದಕ್ಕೆ ಸಾಯಬೇಕಾಯಿತು ಎನ್ನಲಾದ ಯುವಕನ ಪ್ರಕರಣದಲ್ಲಿ ನಾಯಕನ ಪರ ನಿಂತವರು ಬಳಸಿದ್ದು ಅಶ್ಲೀಲ ಸಂದೇಶವನ್ನೇ. ಹೆಣ್ಣಿನ ಮಾನದ ಹೆಸರಿನಲ್ಲಿ ಶುರುವಾದದ್ದು ಇನ್ನೊಬ್ಬ ಹೆಣ್ಣಿನ ಮಾನ ತೆಗೆಯುವಲ್ಲಿಗೆ ಬಂತು. ಅಭಿಮಾನ ಎಲ್ಲಿಯೋ ದಾರಿ ತಪ್ಪಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಆದರೆ ಕನ್ನಡದ ಅಭಿಮಾನವೆಂದರೆ ಇಷ್ಟೇ ಎಂದು ತಳ್ಳಿಹಾಕಿದರೆ ಅದೂ ಸುಳ್ಳಾಗುತ್ತದೆ. ‘ಅಭಿಮಾನಿ ದೇವರುಗಳೇ’ ಎಂದು ಡಾ. ರಾಜಕುಮಾರ್ ಕೈಮುಗಿದಾಗ ಗುಡಿಯೊಳಗಿನ ಸ್ಥಾನ ತಿರುಗುಮುರುಗಾಗುತ್ತಿತ್ತು. ದೇವರು ಎನಿಸಿಕೊಂಡವರು ಅದಕ್ಕೆ ತಕ್ಕ ಹಾಗೆ ಇರಬೇಕಾಗುತ್ತಿತ್ತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೋದಾಗಲೂ ಹಾಗೆಯೇ. ಪುನೀತ್ ಹೋದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ನಾಡಿನ ಊರೂರಲ್ಲಿ ಸಾಲು ನಿಂತಿತು. ಅನ್ನದಾನ, ರಕ್ತದಾನ ಶಿಬಿರಗಳು ಅವರ ಹುಟ್ಟುಹಬ್ಬದ ಕ್ರಮವೇ ಆಗಿಬಿಟ್ಟವು. ಮೆಚ್ಚಿದವನ ಒಳ್ಳೆಯ ಕೆಲಸವನ್ನು ತಾನೂ ಮಾಡಿ ತೋರಿಸುವ ಇಂಥ ಅಭಿಮಾನ ಯಾವ ಸಮಾಜಕ್ಕಾದರೂ ಆಸ್ತಿ.

ಅದೇ 2006ರಲ್ಲಿ, ರಾಜಕುಮಾರ್ ಅವರ ಅಂತ್ಯಸಂಸ್ಕಾರದ ಹೊತ್ತಿನ ಗಲಭೆಯಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಸೇರಿ ಎಂಟು ಮಂದಿ ಸತ್ತರು ಎಂಬುದನ್ನೂ ಮರೆಯುವಂತಿಲ್ಲ. ಆಗ ಮುಖ್ಯಮಂತ್ರಿ ರಾಮನಗರದ ಶಾಸಕ ಎಚ್.ಡಿ. ಕುಮಾರಸ್ವಾಮಿ. ಸ್ವತಃ ಸಿನಿಮಾ ಹಂಚಿಕೆದಾರ, ‘ಸೂರ್ಯವಂಶ’ದ ನಿರ್ಮಾಪಕ, ರಾಜಕುಮಾರ್ ಅಭಿಮಾನಿ. ಅಂಥವರ ಸರ್ಕಾರಕ್ಕೂ ಆ ಜನಸಾಗರವನ್ನು ಹಿಡಿತಕ್ಕೆ ತರಲಾಗಲಿಲ್ಲ. 2024ರ ಜನವರಿ 8ರ ನಟ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಮೂವರು ಹುಡುಗರು ವಿದ್ಯುತ್ ತಗುಲಿ ತೀರಿಕೊಂಡರು. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮದ ಕಾಲ್ತುಳಿತದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಇನ್ನೂ ಬದುಕು ಕಟ್ಟಿಕೊಳ್ಳುವ ವಯಸ್ಸಿನವರು.

ರಾಮನಗರದಿಂದ ಬೆಂಗಳೂರಿನ ಕಡೆ ಹೊರಟರೆ ಬಿಡದಿ. ತಟ್ಟೆ ಇಡ್ಲಿಗೆ ಹೆಸರಾದ ಊರು, ಈಗ ಕಾರು ಕಾರ್ಖಾನೆಗಳ ಊರು. ‘ಬಿಗ್ ಬಾಸ್’ ಕನ್ನಡದ ಮನೆ ಹಲವು ಸೀಸನ್‌ಗಳಲ್ಲಿ ಇದ್ದದ್ದು ಇಲ್ಲಿನ ಇನ್ನೊವೇಟಿವ್ ಫಿಲ್ಮ್ ಸಿಟಿಯಲ್ಲಿ. ಯಾರನ್ನು ಉಳಿಸಬೇಕು, ಯಾರನ್ನು ಕಳಿಸಬೇಕು ಎಂದು ವಾರಕ್ಕೊಮ್ಮೆ ಇಡೀ ನಾಡು ಮತ ಹಾಕುವುದು ಆ ಆಟದ ಜೀವ. ಮನೆಯೊಳಗೆ ಆಡಿದ ಅರ್ಧ ಮಾತು, ಒಂದು ನೋಟ, ಒಂದು ಅಳು ಕತ್ತರಿಸಿ ಹಂಚಲಾಗುತ್ತದೆ. ಅದರ ಮೇಲೆ ಸಾವಿರಾರು ತೀರ್ಪು ಬರುತ್ತವೆ. ಟ್ರೋಲ್ ಪೇಜ್‌ಗಳ ಭಾಷೆಯೂ ವೇಗವೂ ಇಂಥ ಆಟಗಳಿಂದಲೇ ಹದಗೊಂಡವು ಅನ್ನಿಸುತ್ತದೆ. ಕೂಡಲೇ ಮೆಚ್ಚು, ಕೂಡಲೇ ಹೊರಹಾಕು.

ಹತ್ತನೆಯ ಸೀಸನ್ನಿನ ಎರಡು ಕತೆಗಳು ಇಲ್ಲಿ ಬೇಕೇ ಬೇಕು. ಒಂದು, ಹಳ್ಳಿಕಾರ್ ಎತ್ತುಗಳನ್ನು ಸಾಕಿ ಹೆಸರು ಮಾಡಿದ ವರ್ತೂರು ಸಂತೋಷ್ ಅವರದು. ಕೊರಳಲ್ಲಿ ಹುಲಿ ಉಗುರಿನ ಪದಕ ಕಂಡಿತೆಂದು 2023ರ ಅಕ್ಟೋಬರ್ 22ರಂದು ಅರಣ್ಯಾಧಿಕಾರಿಗಳು ಶೋ ನಡೆಯುತ್ತಿದ್ದ ಮನೆಯಿಂದಲೇ ಅವರನ್ನು ಬಂಧಿಸಿದರು. ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಸರಿ. ಆದರೆ ಮರುದಿನದಿಂದಲೇ ಸಿನಿಮಾ ನಟರ, ರಾಜಕಾರಣಿಗಳ, ಗುರುಗಳ ಕೊರಳಿನ ಹಳೆಯ ಫೋಟೊಗಳು ಹೊರಬಿದ್ದವು. ಅವರ ಮನೆಗಳಿಗೆ ಅಧಿಕಾರಿಗಳು ಹೋದರು, ಪರಿಶೀಲಿಸಿದರು, ವಸ್ತುಗಳನ್ನು ಪರೀಕ್ಷೆಗೆ ಕಳಿಸಿದರು. ರೈತನ ಮಗನಿಗೆ ಜೈಲು, ದೊಡ್ಡವರಿಗೆ ಬರೀ ಪರಿಶೀಲನೆಯೇ ಎಂದು ಆಗ ಜನ ಬಹಿರಂಗವಾಗಿ ಕೇಳಿದ ಪ್ರಶ್ನೆಯಲ್ಲಿ ಹುರುಳಿತ್ತು. ಸಂತೋಷ್ ಐದು ದಿನಕ್ಕೆ ಜಾಮೀನು ಪಡೆದು ಮನೆಯೊಳಕ್ಕೆ ಹಿಂತಿರುಗಿದರು. ಜನ ಅವರನ್ನು ಕೊನೆಯ ಹಂತದವರೆಗೂ ಮತ ಹಾಕಿ ಉಳಿಸಿಕೊಂಡರು.

ಇನ್ನೊಂದು, ಪಕ್ಕದ ಮಳವಳ್ಳಿ ತಾಲ್ಲೂಕಿನ ಪ್ರತಾಪ್ ಅವರದು. ‘ಡ್ರೋನ್ ಪ್ರತಾಪ್’ ಎಂದರೆ ಗೊತ್ತಿಲ್ಲದವರಿಲ್ಲ. ಗುಜರಿಯ ಎಲೆಕ್ಟ್ರಾನಿಕ್ ವಸ್ತುಗಳಿಂದ ನೂರಾರು ಡ್ರೋನ್ ಮಾಡಿದ ಹಳ್ಳಿ ಹುಡುಗ ಎಂದು ಮಠಗಳು, ಕಾಲೇಜುಗಳು, ಟಿವಿ ವಾಹಿನಿಗಳು ಅವರನ್ನು ಹೊತ್ತು ಮೆರೆಸಿದವು. ಒಂದು ಡ್ರೋನ್ ಹಾರಿಸಿ ತೋರಿಸು ಎಂದು ಆಗ ಕೇಳಿದವರಿಲ್ಲ. 2020ರ ಜುಲೈನಲ್ಲಿ ಸುದ್ದಿ ಪರಿಶೀಲಕರು ಕೇಳಿದರು. ಪ್ರತಾಪ್ ತಮ್ಮದೆಂಬಂತೆ ತೋರಿಸಿದ ಡ್ರೋನ್ ತನ್ನದು ಎಂದು ಜರ್ಮನಿಯ ಕಂಪನಿಯೊಂದು ಹೇಳಿತು. ಹೊತ್ತು ಮೆರೆಸಿದವರೇ ವರ್ಷಗಟ್ಟಲೆ ಉಗಿದರು. ಹುಡುಗನ ಸುಳ್ಳಿಗೆ ಹುಡುಗ ಹೊಣೆ. ಆದರೆ ವೇದಿಕೆ ಕೊಟ್ಟು, ಶಾಲು ಹೊದಿಸಿ, ಪರೀಕ್ಷಿಸದೆ ಸುದ್ದಿ ಮಾಡಿದವರಲ್ಲಿ ಒಬ್ಬರಾದರೂ ಕ್ಷಮೆ ಕೇಳಿದ್ದು ಕಾಣಲಿಲ್ಲ. 2023ರಲ್ಲಿ ಬಿಗ್ ಬಾಸ್ ಮನೆಗೆ ಹೋದ ಪ್ರತಾಪ್ ಅಲ್ಲಿ ತಂದೆತಾಯಿಯ ಜತೆ ಮುರಿದಿದ್ದ ಮಾತು ಸರಿಮಾಡಿಕೊಂಡರು, ರನ್ನರ್ ಅಪ್ ಆದರು, ಮತ್ತೆ ಮನೆಮಾತಾದರು. 2024ರ ಡಿಸೆಂಬರ್‌ನಲ್ಲಿ ಮಧುಗಿರಿ ತಾಲ್ಲೂಕಿನ ಕೃಷಿ ಹೊಂಡದಲ್ಲಿ ಸೋಡಿಯಂ ಸ್ಫೋಟಿಸಿ ವಿಡಿಯೊ ಮಾಡಿದ್ದಕ್ಕೆ ಬಂಧನವಾಯಿತು. ನಾಲ್ಕೈದು ವರ್ಷದೊಳಗೆ ಒಬ್ಬನೇ ಹುಡುಗ ವಿಜ್ಞಾನಿ, ವಂಚಕ, ಮುಗ್ಧ, ಅಪರಾಧಿ ಎಲ್ಲವೂ ಆದ. ಆ ಎಲ್ಲ ಹೊತ್ತಿನಲ್ಲೂ ಆತ ಏನು ಮಾಡಿದ, ಏನು ಮಾಡಲಿಲ್ಲ ಎಂಬುದನ್ನು ಸಾವಧಾನವಾಗಿ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಬಿಡದಿಯಲ್ಲೇ ಇನ್ನೊಂದು ಆರಾಧನೆಯ ಕತೆಯೂ ಇದೆ. 2010ರ ಮಾರ್ಚ್‌ನಲ್ಲಿ ನಟಿಯೊಬ್ಬರ ಜತೆಗಿನ ವಿಡಿಯೊ ಟಿವಿಯಲ್ಲಿ ಬಂದಾಗ ಸ್ವಾಮಿ ನಿತ್ಯಾನಂದ ಅವರ ಬಿಡದಿ ಆಶ್ರಮಕ್ಕೆ ಜನ ನುಗ್ಗಿದರು. ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದಲ್ಲಿ ಬಂಧನ, ಜೂನ್‌ನಲ್ಲಿ ಜಾಮೀನು. 2012ರ ಜೂನ್‌ನಲ್ಲಿ ಪತ್ರಿಕಾಗೋಷ್ಠಿಯ ಗಲಾಟೆ, ರಾಮನಗರ ನ್ಯಾಯಾಲಯದಲ್ಲಿ ಶರಣಾಗತಿ. ಅತ್ಯಾಚಾರದ ಆರೋಪದ ವಿಚಾರಣೆ ರಾಮನಗರದಲ್ಲೇ ನಡೆಯಬೇಕಿತ್ತು. 2019ರ ಹೊತ್ತಿಗೆ ಆರೋಪಿ ದೇಶ ಬಿಟ್ಟು, ‘ಕೈಲಾಸ’ ಎಂಬ ತನ್ನದೇ ದೇಶ ಸ್ಥಾಪಿಸಿರುವುದಾಗಿ ಸಾರಿದರು. ಆಶ್ರಮಕ್ಕೆ ನುಗ್ಗಿದವರ ಸಿಟ್ಟು ಒಂದು ವಾರದ್ದು. ಸಾಕ್ಷಿ ಹೇಳಬೇಕಾದವರ ಕಾಯುವಿಕೆ ವರ್ಷಾನುವರ್ಷದ್ದು. ಆ ಉದ್ದದ ದಾರಿಯಲ್ಲಿ ದೂರುದಾರರ ಜತೆ ನಡೆಯಲು ಗುಂಪು ಇರಲಿಲ್ಲ, ಆರೋಪಿಯ ಜತೆ ಭಕ್ತರಿದ್ದರು.

ಕನಕಪುರದ ಕಡೆಗೆ ಹೊರಳಿದರೆ ಬಹಿಷ್ಕಾರದ ಮಾತು ಅಧಿಕಾರದ ಬಾಯಲ್ಲಿ ಕೇಳುತ್ತದೆ. 2022ರ ಜನವರಿ 9ರಂದು ಕನಕಪುರ ತಾಲ್ಲೂಕಿನ ಸಂಗಮದಿಂದ ಮೇಕೆದಾಟು ಪಾದಯಾತ್ರೆ ಹೊರಟಿತು. ಮುಂದೆ ನಿಂತವರು ಡಿ.ಕೆ. ಶಿವಕುಮಾರ್. ಸಿನಿಮಾದವರು ಬಂದದ್ದು ಬೆರಳೆಣಿಕೆ. ಮೂರು ವರ್ಷದ ನಂತರ, 2025ರ ಮಾರ್ಚ್ 1ರಂದು, ಉಪಮುಖ್ಯಮಂತ್ರಿಯಾಗಿ ಬೆಂಗಳೂರು ಚಿತ್ರೋತ್ಸವದ ವೇದಿಕೆಯಲ್ಲಿ ಅವರು ಅದನ್ನು ನೆನೆಸಿಕೊಂಡರು. ಯಾರ ನಟ್ಟು ಬೋಲ್ಟು ಎಲ್ಲಿ ಟೈಟ್ ಮಾಡಬೇಕೆಂದು ತಮಗೆ ಗೊತ್ತು ಎಂದರು. ನಾಡಿನ ನೀರಿನ ಪ್ರಶ್ನೆಗೆ ಕಲಾವಿದರು ದನಿಗೂಡಿಸಲಿ ಎಂಬ ಆಸೆ ತಪ್ಪಲ್ಲ. ಬಾರದವರನ್ನು ಸರ್ಕಾರದ ವೇದಿಕೆಯಿಂದ ಗದರಿಸುವುದು ಮಾತ್ರ ತಪ್ಪು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಿಡದಿಯ ಜಾಲಿವುಡ್ ಸ್ಟುಡಿಯೊಗೆ ಬೀಗ ಬಿದ್ದಿತು. ಅಲ್ಲಿ ಆಗ ಬಿಗ್ ಬಾಸ್ ಹನ್ನೆರಡನೆಯ ಸೀಸನ್ ನಡೆಯುತ್ತಿತ್ತು. ಜನ ತಕ್ಷಣ ನಟ್ಟು ಬೋಲ್ಟಿನ ಮಾತನ್ನೇ ನೆನೆದರು. ಬೀಗ ಹಾಕಿದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ, ಕೊಳಚೆ ನೀರು ಸಂಸ್ಕರಿಸುತ್ತಿಲ್ಲ, ಅನುಮತಿ ಇಲ್ಲ ಎಂಬ ಕಾರಣಕ್ಕೆ. ಸ್ಪರ್ಧಿಗಳನ್ನು ರೆಸಾರ್ಟಿಗೆ ಸಾಗಿಸಿದ ದೃಶ್ಯಕ್ಕೆ ಸಿಕ್ಕ ಗಮನದಲ್ಲಿ ನೂರರಲ್ಲೊಂದು ಪಾಲೂ ಆ ಕೊಳಚೆಗೆ ಸಿಗಲಿಲ್ಲ. ಶಿವಕುಮಾರ್ ಅವರೇ ಸೂಚನೆ ಕೊಟ್ಟು ಎರಡೇ ದಿನದಲ್ಲಿ ಬೀಗ ತೆಗೆಸಿದರು. ಬೆಂಗಳೂರಿನ ಕೊಳಚೆ ತುಂಬಿಕೊಂಡು ನೊರೆಯುಗುಳುವ ಬೈರಮಂಗಲ ಕೆರೆ ಇದೇ ಬಿಡದಿ ಹೋಬಳಿಯಲ್ಲಿದೆ. ಅದರ ದಂಡೆಯ ರೈತರು ದಶಕಗಳಿಂದ ಕೂಗುತ್ತಿದ್ದಾರೆ.

ಭಾಷೆಯ ಹೆಸರಿನ ಬಹಿಷ್ಕಾರಗಳನ್ನು ನಾಡು ಚೆನ್ನಾಗಿ ಬಲ್ಲದು. 2017ರಲ್ಲಿ ಸತ್ಯರಾಜ್ ತಾವು ಒಂಬತ್ತು ವರ್ಷ ಹಿಂದೆ ಕಾವೇರಿ ವಿಷಯದಲ್ಲಿ ಆಡಿದ್ದಕ್ಕೆ ವಿಷಾದ ಹೇಳಿದ ಮೇಲೆ ‘ಬಾಹುಬಲಿ 2’ ಇಲ್ಲಿ ತೆರೆಕಂಡಿತು. 2025ರ ಮೇನಲ್ಲಿ ಸೋನು ನಿಗಮ್ ಮೇಲೆ ವಾಣಿಜ್ಯ ಮಂಡಳಿಯ ಅಸಹಕಾರ, ಅವರಿಂದ ಕ್ಷಮೆ. ಅದೇ ಹೊತ್ತಿಗೆ ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂದ ಕಮಲ್ ಹಾಸನ್ ಕ್ಷಮೆ ಕೇಳಲಿಲ್ಲ. ಜೂನ್ 5ರಂದು ‘ಥಗ್ ಲೈಫ್’ ದೇಶವೆಲ್ಲ ಬಿಡುಗಡೆಯಾದರೂ ಕರ್ನಾಟಕದಲ್ಲಿ ಆಗಲಿಲ್ಲ. ಸೆನ್ಸಾರ್ ಆದ ಚಿತ್ರವನ್ನು ಗುಂಪಿನ ಬೆದರಿಕೆಗೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕನ್ನಡಿಗರ ನೋವು ಇಲ್ಲಿ ನಿಜವಾದದ್ದು. ಕನ್ನಡದ ಹಿರಿತನದ ಬಗ್ಗೆ ಹಗುರವಾಗಿ ಮಾತಾಡಿದವರಿಗೆ ಉತ್ತರ ಕೊಡುವ ಹಕ್ಕು ನಮಗಿದೆ. ಟಿಕೆಟ್ ಕೊಳ್ಳದೆ ಇರುವುದೂ ಉತ್ತರವೇ, ಹಲ್ಮಿಡಿ ಶಾಸನವನ್ನು ಮುಂದಿಡುವುದೂ ಉತ್ತರವೇ. ಥಿಯೇಟರ್ ಗಾಜಿಗೆ ಕಲ್ಲು ಬಿದ್ದರೆ ಪೆಟ್ಟು ತಿನ್ನುವವನು ಚೆನ್ನೈನ ನಟನಲ್ಲ, ಗೇಟಿನಲ್ಲಿ ಟಿಕೆಟ್ ಹರಿಯುವ ಕನ್ನಡದ ಹುಡುಗ.

ಇಷ್ಟೆಲ್ಲದರ ನಡುವೆ ಈ ಜಿಲ್ಲೆಯ ಜನರಿಗೆ ಮೇಲೇರಿಸಿದವರನ್ನು ಇಳಿಸುವುದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 2002ರ ಉಪಚುನಾವಣೆಯಲ್ಲಿ ಮಾಜಿ ಪ್ರಧಾನಿ ದೇವೇಗೌಡರನ್ನು ಲೋಕಸಭೆಗೆ ಗೆಲ್ಲಿಸಿದ ಕನಕಪುರ ಕ್ಷೇತ್ರ, 2004ರಲ್ಲಿ ಅವರನ್ನು ಸೋಲಿಸಿ ಟಿವಿಯಿಂದ ಹೆಸರಾಗಿದ್ದ ಪತ್ರಕರ್ತೆ ತೇಜಸ್ವಿನಿ ಅವರನ್ನು ಕಳಿಸಿತು. ಕುಮಾರಸ್ವಾಮಿ ಅವರ ಮಗ, ನಟ ನಿಖಿಲ್ ಅವರ ಪ್ರಸಂಗವಂತೂ ಕಣ್ಣ ಮುಂದಿನದು. ‘ಜಾಗ್ವಾರ್’ ಚಿತ್ರದ ಕಾರ್ಯಕ್ರಮದಲ್ಲಿ ತಂದೆ ಪ್ರೀತಿಯಿಂದ ‘ನಿಖಿಲ್, ಎಲ್ಲಿದ್ದೀಯಪ್ಪಾ’ ಎಂದು ಕರೆದದ್ದನ್ನು 2019ರ ಮಂಡ್ಯ ಚುನಾವಣೆಯ ಹೊತ್ತಿಗೆ ನಾಡೇ ಗೇಲಿಯ ಮಾತಾಗಿ ಮಾಡಿಕೊಂಡಿತು. ಅವರ ವಿರುದ್ಧ ನಿಂತ ನಟಿ ಸುಮಲತಾ ಪರವಾಗಿ ದರ್ಶನ್, ಯಶ್ ‘ಜೋಡೆತ್ತು’ ಎಂದು ಪ್ರಚಾರಕ್ಕಿಳಿದರು. ನಿಖಿಲ್ 1,25,876 ಮತಗಳಿಂದ ಸೋತರು. 2023ರಲ್ಲಿ ಅಜ್ಜ, ಅಪ್ಪ, ಅಮ್ಮ ಮೂವರೂ ಗೆದ್ದಿದ್ದ ರಾಮನಗರದಲ್ಲೇ ಸೋತರು. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣದಲ್ಲಿ ಮತ್ತೆ ಸೋತರು. ಗೆದ್ದದ್ದು ಸಿ.ಪಿ. ಯೋಗೇಶ್ವರ್. ಅವರೂ ‘ಸೈನಿಕ’ದಂಥ ಚಿತ್ರಗಳಲ್ಲಿ ನಾಯಕರಾಗಿದ್ದವರೇ, ಅದೇ ಚನ್ನಪಟ್ಟಣದಲ್ಲಿ 2018 ಮತ್ತು 2023ರಲ್ಲಿ ಕುಮಾರಸ್ವಾಮಿ ಎದುರು ಸೋತವರೇ.

ಮಂಡ್ಯದ ಗೇಲಿಯಲ್ಲಿ ಕ್ರೌರ್ಯವಿತ್ತು, ಚನ್ನಪಟ್ಟಣದ ಮತಪೆಟ್ಟಿಗೆಯಲ್ಲಿ ಇರಲಿಲ್ಲ. ಯಾಕೆಂದರೆ ಮತಕ್ಕೆ ಒಂದು ದಿನ ಗೊತ್ತುಮಾಡಿದೆ, ಎಣಿಕೆ ಎಲ್ಲರ ಮುಂದೆ ನಡೆಯುತ್ತದೆ, ಇಬ್ಬರಿಗೂ ಮಾತಾಡಲು ಸಮಯ ಕೊಟ್ಟಿರುತ್ತದೆ. ಸೋತವರು ಮುಂದಿನ ಸಲ ಮತ್ತೆ ಅದೇ ಮನೆಬಾಗಿಲಿಗೆ ಬಂದು ಕೈಮುಗಿಯಬಹುದು. ಯೋಗೇಶ್ವರ್ ಎರಡು ಸಲ ಸೋತು ಬಂದದ್ದೂ ಹಾಗೆಯೇ.

ಚಿತ್ರರಂಗದಲ್ಲಿ ಇಲ್ಲದಿರುವುದು ಇಂಥದ್ದೇ ಒಂದು ಕ್ರಮ. ಯಾರು ದೂರು ಕೇಳಬೇಕು, ಎಷ್ಟು ದಿನದಲ್ಲಿ, ಇಬ್ಬರ ಮಾತನ್ನೂ ಹೇಗೆ ಆಲಿಸಬೇಕು, ತಪ್ಪಿಗೆ ತಕ್ಕ ಶಿಕ್ಷೆ ಎಷ್ಟು, ಅದು ಯಾವಾಗ ಮುಗಿಯುತ್ತದೆ? ಅದಿಲ್ಲದೆ ಇರುವುದರಿಂದಲೇ ಒಮ್ಮೆ ನಾಲ್ಕು ಗೋಡೆಯ ನಡುವೆ ನಿಖಿತಾ ಮೇಲೆ ಮೂರು ವರ್ಷದ ನಿಷೇಧ ಬೀಳುತ್ತದೆ, ಇನ್ನೊಮ್ಮೆ ಏನೂ ಆಗುವುದಿಲ್ಲ. ಕೇರಳದಲ್ಲಿ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದ ಬೆನ್ನಿಗೆ, ಸೆಪ್ಟೆಂಬರ್‌ನಲ್ಲಿ ಕನ್ನಡದ ‘ಫೈರ್’ ಸಂಘಟನೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಮನವಿ ಕೊಟ್ಟಿತು. ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದಲ್ಲಿ ಇಲ್ಲಿಯೂ ಸಮಿತಿಯಾಗಲಿ ಎಂಬ ಆ ಮನವಿಗೆ ಕವಿತಾ ಲಂಕೇಶ್, ಚೇತನ್, ಶ್ರುತಿ ಹರಿಹರನ್, ರಮ್ಯಾ ಸೇರಿ 150ಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದರು. ಅದೇ ತಿಂಗಳ 16ರಂದು ರಾಜ್ಯ ಮಹಿಳಾ ಆಯೋಗ ವಾಣಿಜ್ಯ ಮಂಡಳಿಯಲ್ಲಿ ಸಭೆ ನಡೆಸಿತು. ಲೈಂಗಿಕ ಕಿರುಕುಳದ ದೂರು ಆಲಿಸುವ ಸಮಿತಿ ಕಾನೂನು ಪ್ರಕಾರ ಕಡ್ಡಾಯ ಎಂದು ಆಯೋಗ ನೆನಪಿಸಿತು. ಹೊರಾಂಗಣ ಚಿತ್ರೀಕರಣದಲ್ಲಿ ಸಹ ಕಲಾವಿದೆಯರಿಗೆ ಶೌಚಾಲಯ, ಬಟ್ಟೆ ಬದಲಿಸಲು ಮರೆಯಾದ ಜಾಗ, ರಾತ್ರಿ ಕೆಲಸ ಮುಗಿದ ಮೇಲೆ ಮನೆ ಸೇರುವ ವ್ಯವಸ್ಥೆ ಬೇಕೆಂಬ ಮಾತುಗಳೂ ಆಗ ಎದ್ದವು. ಇಂಥ ಸಮಿತಿಯ ಅಗತ್ಯವೇ ಇಲ್ಲ ಎಂದು ವಾದಿಸಿದ ನಿರ್ಮಾಪಕರೂ ಇದ್ದರು. ಅಭಿಮಾನಿ ಸಂಘಗಳಿಂದ ಆ ಬೇಡಿಕೆಗಳ ಪರವಾಗಿ ಒಂದೇ ಒಂದು ಬೈಕ್ ರ್ಯಾಲಿ ಹೊರಟಿದ್ದರೆ, ತಮ್ಮ ನಾಯಕನ ಸೆಟ್ಟಿನಿಂದಲೇ ಇದು ಶುರುವಾಗಲಿ ಎಂದು ಒಂದು ಊರಿನ ಹುಡುಗರಾದರೂ ಕೇಳಿದ್ದರೆ, ವಾಣಿಜ್ಯ ಮಂಡಳಿ ಕಿವಿಗೊಡದೆ ಇರಲು ಸಾಧ್ಯವಿರಲಿಲ್ಲ.